ಬಾವಿ ಮನೆ, ಭಾಗ ನಾಲ್ಕು

ನಮ್ಮ ದೊಡ್ಡವ್ವನ ಬಾಳಿಗೆ ನಾನು ನಂಬರು ಹಾಕಿದೆ. ಒಂದನೇ ಭಾಗ, ಎರಡನೇ ಭಾಗ ಅಂತ ನಾಲ್ಕು ಭಾಗ ಮಾಡಿ, ಪ್ರತಿಯೊಂದರ ಮೇಲೂ ಅವಳ ಮನೆಯ ಹೆಸರು ಬರೆದು, ಒಂದೇ ಗುಂಡಿ ಒತ್ತಿ ನೆಂಟರೆಲ್ಲರ ಫೋನಿಗೂ ಕಳಿಸಿಬಿಟ್ಟೆ. ಬೇಕಂತ ಮಾಡಿದ್ದಲ್ಲ. ಬೇಕಂತ ಒಂದು ಕೆಲಸವನ್ನು ಇಷ್ಟು ಅಚ್ಚುಕಟ್ಟಾಗಿ ಮಾಡುವ ಯೋಗ್ಯತೆ ನನಗಿದ್ದಿದ್ದರೆ, ತೇನಿಯ ಪಾರ್ಸೆಲ್ ಆಫೀಸಿನಲ್ಲಿ ವಿಳಾಸ ಟೈಪು ಮಾಡುತ್ತಾ ಕೂರುವ ಬದಲು ಆ ಆಫೀಸಿಗೇ ಯಜಮಾನನಾಗಿರುತ್ತಿದ್ದೆ.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೂ ಒಂದು ಕಾರಣವಿದೆ. ತಮಿಳುನಾಡಿನ ಕಂಬಂ ಕಣಿವೆಯ ನಮ್ಮ ಮನೆಗಳಲ್ಲಿ ಮಾತು ಕನ್ನಡ, ಓದು ತಮಿಳು. ತಲೆತಲಾಂತರದಿಂದ ಹೀಗೆಯೇ. ನಾನೊಬ್ಬ ಮಾತ್ರ ಕೆಲಸವಿಲ್ಲದೆ ಬಿದ್ದಿದ್ದ ಒಂದು ಬೇಸಿಗೆಯಲ್ಲಿ ಫೋನು ನೋಡಿಕೊಂಡು ಕನ್ನಡ ಅಕ್ಷರ ಕಲಿತೆ. ಹಾಗಾಗಿ ಇಲ್ಲಿ ನಾನು ಏನು ಬರೆದರೂ ನಮ್ಮೂರಲ್ಲಿ ಓದುವವರಿಲ್ಲ. ಈ ಬುದ್ಧಿ ಆವತ್ತೇ ಬಂದು ಆ ಮನೆಯ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದರೆ, ಯಾರೋ ಜಿಲೇಬಿ ಸುತ್ತಿಟ್ಟಿದ್ದಾರೆ ಅಂತ ಎಲ್ಲರೂ ಸುಮ್ಮನಾಗುತ್ತಿದ್ದರು. ಕಲಿತ ವಿದ್ಯೆ ಉಪಯೋಗಕ್ಕೆ ಬರಬಹುದಾಗಿದ್ದ ಜೀವಮಾನದ ಒಂದೇ ಒಂದು ದಿನ, ನಾನು ತಮಿಳಲ್ಲಿ ಟೈಪು ಮಾಡಿದೆ.

ಇದು ಶುರುವಾದದ್ದು ಅತ್ತೆಯಿಂದ. ಅತ್ತೆ ಅಂದರೆ ನಮ್ಮಪ್ಪನ ತಂಗಿ. ಪಕ್ಕದ ಬೀದಿಯಲ್ಲೇ ಮನೆ. ಬೆಳಿಗ್ಗೆ ದ್ರಾಕ್ಷಿ ತೋಟ, ಆಮೇಲೆ ಅಡಿಗೆ, ಊಟವಾದ ಮೇಲೆ ಬಾಗಿಲು ಹಾಕಿಕೊಂಡು ಫೋನಿನಲ್ಲಿ ತಮಿಳು ಧಾರಾವಾಹಿ ಬರೆಯುತ್ತಾಳೆ. ಓದುವ ಆ್ಯಪ್ ಒಂದರಲ್ಲಿ, ಬೇರೆ ಹೆಸರಿಟ್ಟುಕೊಂಡು. ಮಧುರೈಯಿಂದ ಸಿಂಗಪುರದವರೆಗೂ ಆ ಹೆಸರಿಗಾಗಿ ಕಾದು ಕೂರುವ ಹೆಂಗಸರಿದ್ದಾರೆ. ಅದು ನಮ್ಮತ್ತೆ ಅಂತ ಗೊತ್ತಿದ್ದದ್ದು ಮಾವನಿಗೆ ಮತ್ತು ನನಗೆ. ಮಾವನಿಗೆ ಗೊತ್ತಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅವರು ಗೊಬ್ಬರದ ಚೀಲದ ಮೇಲೆ ಅಚ್ಚಾಗಿರುವುದನ್ನು ಬಿಟ್ಟು ಬೇರೇನೂ ಓದಿದವರಲ್ಲ.

ನಾನು ನಮ್ಮ ನೆಂಟರಿಗೆಲ್ಲ ಸೇರಿ ಒಂದು ಇ-ಪುಸ್ತಕ ಲೈಬ್ರರಿ ಮಾಡಿದ್ದೆ. ನಮ್ಮ ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ಪುಸ್ತಕಗಳಿರುತ್ತವೆ, ಅವರವರ ಫೋನಿಗೆ ಇಳಿಯುತ್ತವೆ, ಅಷ್ಟೇ. ಅದನ್ನು ನೋಡಿ ಅತ್ತೆಗೆ ಆಸೆಯಾಯಿತು.

"ನಂದೂ ಸೇರ್ಸು, ನನ್ ಕಣ್ಣು. ಯಾರೋ ಮೂರ್ನೇ ಮನುಷ್ಯರು ಬರ್ದಂಗೆ ಇರ್ಲಿ. ನಮ್ಮೋರು ಓದಿ ಏನ್ ಮಾತು ಪೇಸ್ತಾರೆ ಅಂತ ಕಿವಿಯಾರ ಕೇಳ್ಬೇಕು ನಂಗೆ."

ಸೇರಿಸಿದೆ. ಅಲ್ಲಿಂದ ನನ್ನ ನಿದ್ದೆ ಹೋಯಿತು.

ಪುಸ್ತಕ ಜೋಡಿಸುವುದು ಅಂದರೆ ಏನೋ ಜಾಣರ ಕೆಲಸ ಅಂದುಕೊಂಡಿದ್ದೆ. ಹಗಲೆಲ್ಲ ತೇನಿಯಲ್ಲಿ ಕೂತು ಬೇರೆಯವರ ಊರು, ಬೀದಿ, ಪಿನ್‌ಕೋಡು ತಿದ್ದಬೇಕು. ಬಸ್ಸಿನಲ್ಲಿ ನಿಂತುಕೊಂಡೇ ಊರಿಗೆ ಬರಬೇಕು. ಬಂದವನು ಮತ್ತೆ ಕೂತು ಪುಸ್ತಕದ ಹೆಸರು, ಸರಣಿಯ ಹೆಸರು, ಎಷ್ಟನೇ ಭಾಗ ಅಂತ ತಿದ್ದಬೇಕು. ಅತ್ತೆ ಪ್ರತಿ ಕತೆಯನ್ನೂ "ಪ್ರೀತಿಯ ಗೆಳತಿಯರೇ" ಅಂತ ಶುರುಮಾಡುತ್ತಾಳೆ. ಸಾಫ್ಟ್‌ವೇರು ಮೊದಲನೇ ಸಾಲನ್ನೇ ಪುಸ್ತಕದ ಹೆಸರು ಅಂದುಕೊಂಡಿತು. ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಬರೆದದ್ದೆಲ್ಲವೂ "ಪ್ರೀತಿಯ ಗೆಳತಿಯರೇ". ಅದನ್ನು ಒಂದೊಂದಾಗಿ ತಿದ್ದಿದೆ. ಆಮೇಲೆ ಅದು ಲೇಖಕರ ಮನೆತನದ ಹೆಸರು ಯಾವುದು ಅಂತ ಕೇಳಿತು. ತಮಿಳುನಾಡಿನಲ್ಲಿ ಯಾರಿಗಿದೆ ಮನೆತನದ ಹೆಸರು? ಮುಂದೆ ಅಪ್ಪನ ಹೆಸರಿನ ಒಂದಕ್ಷರ, ಹಿಂದೆ ನಮ್ಮ ಹೆಸರು. ಬೇಜಾರಿಗೆ ಸುಮ್ಮನೆ ಒಂದು ಟಿಕ್ ಹಾಕಿದೆ. ಲೈಬ್ರರಿಯಲ್ಲಿದ್ದ ಪುಸ್ತಕವನ್ನೆಲ್ಲ ಬರೆದವರ ಅಪ್ಪಂದಿರೇ ಬರೆದರು ಅಂತಾಯಿತು. ಅದನ್ನೂ ತಿದ್ದಿದೆ. ನಂಬರು ಹಾಕದ ಸರಣಿಗಳು ಅಕ್ಷರಮಾಲೆಯ ಸಾಲಿನಲ್ಲಿ ನಿಂತವು. ಒಂದರಲ್ಲಿ ನಾಯಕಿಯ ಮಗಳು ಕಾಲೇಜಿಗೆ ಸೇರಿದ ಮೇಲೆ ನಾಯಕಿಗೆ ಹೆಣ್ಣು ನೋಡುವ ಶಾಸ್ತ್ರವಾಯಿತು.

ಇನ್ನೊಂದು ತೊಂದರೆ, ಅತ್ತೆ ಇಡುವ ಹೆಸರುಗಳು. ಎಲ್ಲದರಲ್ಲೂ ಒಂದು ಚಂದ್ರ ಇರಲೇಬೇಕು. ಚಂದ್ರ ಇಲ್ಲದಿದ್ದರೆ ಎದೆ, ಎದೆ ಇಲ್ಲದಿದ್ದರೆ ಉಸಿರು. ಯಾವ ಚಂದ್ರನ ಹಿಂದೆ ಯಾವ ಉಸಿರು ಬರಬೇಕು ಅಂತ ನನಗೆ ನೆನಪೇ ನಿಲ್ಲುತ್ತಿರಲಿಲ್ಲ. ಆದರೆ ಕತೆ ತೆರೆದು ಎರಡು ಪುಟ ಓದಿದರೆ ಸಾಕು, ಇದು ಯಾರ ಮನೆಯ ಸಂಗತಿ ಅಂತ ಗೊತ್ತಾಗಿಬಿಡುತ್ತಿತ್ತು. ಅತ್ತೆ ಕಲ್ಪನೆ ಗಿಲ್ಪನೆಗೆಲ್ಲ ಹೋಗುವವಳಲ್ಲ. ನಮ್ಮ ನೆಂಟರ ಮನೆಗಳನ್ನೇ ಎತ್ತಿ ಕೊಯಮತ್ತೂರಿನಲ್ಲಿ ಇಳಿಸಿ, ಗಂಡಸರಿಗೆ ಕಾರು ಕೊಡಿಸುತ್ತಾಳೆ.

ನಮ್ಮಲ್ಲಿ ಜನರನ್ನು ಹೆಸರು ಹಿಡಿದು ಕರೆಯುವುದು ಕಮ್ಮಿ. ಸೊಸೆಯರು ಮಾವಂದಿರ ಹೆಸರು ಹೇಳಬಾರದು, ಹೆಂಡತಿ ಗಂಡನ ಹೆಸರು ಹೇಳಬಾರದು, ಹೀಗೆ ಬಾರದು ಬಾರದು ಅಂತಲೇ ಊರೆಲ್ಲ ಮನೆಯ ಹೆಸರಿನಿಂದ ನಡೆಯುತ್ತದೆ. ಮೇಲ್ಮನೆ, ಹುಣಸೆಮರದ ಮನೆ, ಬಾವಿ ಮನೆ. ಮನೆ ಹೇಳಿದರೆ ಸಾಕು, ಒಳಗಿರುವ ಎಲ್ಲರನ್ನೂ ಹೇಳಿದಂತೆ. ಹಾಗಾಗಿ ನಾನು ಗುರುತಿಗೆ ಅಂತ, ನನ್ನ ಅನುಕೂಲಕ್ಕೆ ಅಂತ, ಸರಣಿಯ ಹೆಸರು ಕೇಳುವ ಜಾಗದಲ್ಲಿ ಮನೆಯ ಹೆಸರು ತುಂಬಿಸಿದೆ. ಬಾವಿ ಮನೆ, ಭಾಗ ಒಂದು. ಬಾವಿ ಮನೆ, ಭಾಗ ಎರಡು. ಕೆಲಸ ಮುಗಿದ ಮೇಲೆ ಅಳಿಸೋಣ ಅಂದುಕೊಂಡೆ. ಕೆಲಸ ಮುಗಿಯಿತು. ಅಳಿಸಲಿಲ್ಲ. ಕಳಿಸುವ ಗುಂಡಿ ಒತ್ತಿ, ಮೈಮುರಿದು, ಟೀ ಕುಡಿಯಲು ಹೋದೆ.

ಮೊದಲು ಫೋನು ಬಂದದ್ದು ಮೇಲ್ಮನೆ ಮಾಮನದು.

"ಏನ್‌ಡಾ ಇದು? ಬಾವಿ ಮನೇಗೆ ನಾಕು ಬುಕ್ಕು, ನಮ್ಮನೇಗೆ ಒಂದೇ ಒಂದಾ?"

"ಮಾಮಾ, ಅದು ಸುಮ್ನೆ ಗುರುತ್ಗೆ..."

"ಏನ್ ಸುಮ್ನೆ? ಈ ಊರಲ್ಲಿ ಮೊದ್ಲು ಮೋಟ್ರು ಇಳ್ಸಿದ್ದು ಯಾವ ಮನೆ? ಅದ್ಯಾರೋ ಬರೆಯೋರು ಬಂದು ನಮ್ಮನ್ನ ಒಂದ್ ಮಾತು ಕೇಳ್ಬಾರ್ದಾ?"

ಸಂಜೆಗೆ ಮತ್ತೆ ಅವರದೇ ಫೋನು. ಅಷ್ಟರಲ್ಲಿ ಓದಿ ಮುಗಿಸಿದ್ದರು. "ಅದ್ರಲ್ಲಿ ಒಬ್ಬ ಜಿಪುಣ ಮಾಮ ಅವ್ನಲ್ಲ, ಎಳನೀರು ಕುಡ್ದು ಕಾಯಿ ವಾಪಸ್ ಕೊಟ್ಟು ದುಡ್ಡು ಕೇಳೋನು. ಅದು ಯಾರ್‌ಡಾ?"

"ಗೊತ್ತಿಲ್ಲ ಮಾಮಾ."

"ನಮ್ಮಣ್ಣನೇ ಇರ್ಬೇಕು," ಅಂದು ಸಂತೋಷವಾಗಿ ಫೋನಿಟ್ಟರು.

ಇಷ್ಟೇ ಆಗಿದ್ದರೆ ನಾನು ಈಗಲೂ ನಗುತ್ತಿರುತ್ತಿದ್ದೆ. ಆದರೆ ಇಷ್ಟು ಒಳಮನೆಯ ಸಂಗತಿ ಬರೆಯಬಲ್ಲವರು ಯಾರು ಅಂತ ನೆಂಟರು ಯೋಚಿಸಿದರು. ಪುಸ್ತಕ ಕಳಿಸಿದವನು ನಾನು. ನನಗಿರುವುದು ಒಬ್ಬಳೇ ಅತ್ತೆ, ಅವಳೋ ಊಟವಾದ ಮೇಲೆ ಬಾಗಿಲು ಹಾಕಿಕೊಳ್ಳುವವಳು. ಎರಡು ದಿನದಲ್ಲಿ ಲೆಕ್ಕ ಸರಿಹೋಯಿತು.

ಬಾವಿ ಮನೆ ಅಂದರೆ ನಮ್ಮ ದೊಡ್ಡವ್ವ, ನಮ್ಮವ್ವನ ಅಕ್ಕ. ಗಂಡ ಬಹಳ ಹಿಂದೆಯೇ ಕೊಡೈಕಾನಲ್‌ಗೆ ಹೋಟೆಲ್ ಕೆಲಸಕ್ಕೆ ಅಂತ ಹತ್ತಿದವನು, ಅಲ್ಲೇ ಇನ್ನೊಬ್ಬಳ ಜೊತೆ ಇದ್ದಾನೆ. ಇದು ಊರಿಗೆಲ್ಲ ಗೊತ್ತು. ದೊಡ್ಡವ್ವ ಒಬ್ಬಳೇ ತೋಟ ನೋಡಿಕೊಳ್ಳುತ್ತಾಳೆ. ಅವಳಿಗೆ ಅತ್ತೆ ಅಂದರೆ ಪ್ರಾಣ. ದಿನಾ ಬಿಸಿಲು ಇಳಿಯುವ ಹೊತ್ತಿಗೆ ಅತ್ತೆಯ ಮನೆಗೆ ಬಂದು ಕೂತು, ಮನೆಯ ಹೆಸರು ಹಾಕುವ ಮೊದಲೇ ನಾನು ಕೊಟ್ಟಿದ್ದ ಪುಸ್ತಕವನ್ನು ಫೋನಿನಲ್ಲಿ ಅಕ್ಷರ ದಪ್ಪ ಮಾಡಿಕೊಂಡು ಓದುತ್ತಿದ್ದಳು. ಬರೆದವಳು ಎದುರಿಗೇ ಕೂತು ಕಾಫಿ ಸೋಸುತ್ತಿದ್ದಾಳೆ ಅಂತ ಗೊತ್ತಿಲ್ಲದೆ, ತನ್ನದೇ ಕತೆಯನ್ನು ಯಾರದೋ ಅಂತ ಓದಿ, ಆ ನಾಯಕಿಯನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಅತ್ತೆ ಹೂಂ ಹೂಂ ಅನ್ನುತ್ತಿದ್ದಳು.

ಗುಂಡಿ ಒತ್ತಿದ ಮೂರನೇ ದಿನದಿಂದ ದೊಡ್ಡವ್ವ ಬರಲಿಲ್ಲ.

ನಾನು ಅತ್ತೆಯ ಮನೆಗೆ ಹೋದೆ. ಅವಳು ಬರೆಯುವ ಹೊತ್ತು ಅದು. ಬಾಗಿಲು ಪೂರ್ತಿ ತೆರೆದಿತ್ತು. ಬೀದಿ ಕಾಣುವ ಹಾಗೆ ಹೊಸಿಲ ಹತ್ತಿರ ಕೂತಿದ್ದಳು, ಫೋನು ಮಗುಚಿಟ್ಟಿತ್ತು.

"ಐದ್ನೇ ಭಾಗ ಎಲ್ಲಿಗ್ ಬಂತು ಅತ್ತೆ?" ಅಂದೆ.

"ಐದ್ನೇ ಭಾಗನಾ? ನಿನ್ ಬಾಯ್ಗೆ ಮಣ್ಣಾಕ. ಒಂದ್ ಊರ್ಗೆ ಆಗೋವಷ್ಟು ಮಾಡಿ ಇಟ್ಟಿದೀಯ, ಇನ್ನ ಐದ್ನೇ ಭಾಗ ಬೇರೆ." ಬೈಗುಳಕ್ಕೂ ಅವಳಲ್ಲಿ ಕಸುವಿರಲಿಲ್ಲ. "ನಾ ಇನ್ ಬರೆಯಲ್ಲಡಾ. ಅವ್ಳು ಈ ಮನೆ ಬಾಗ್ಲು ತುಳೀದೆ ಹೋದ್ರೆ, ನಾ ಯಾರ್ಗೋಸ್ಕರ ಬರೀಲಿ? ಸಿಂಗಪುರದೋರು ಬಂದು ನನ್ ಪಕ್ದಲ್ಲಿ ಕೂತ್ಕೊತಾರಾ?"

"ಕತೇಲಿ ಅಂಥಾದ್ದು ಏನೈತೆ? ದೊಡ್ಡಪ್ಪ ಬುಟ್ಟೋಗಿದ್ದು ಎಲ್ರಿಗೂ ಗೊತ್ತಿರೋದೇ ಅಲ್ವಾ?"

ಅತ್ತೆ ಫೋನನ್ನು ಇನ್ನೂ ದೂರ ಸರಿಸಿದಳು. ಆಮೇಲೆ ಹೇಳಿದಳು. ದೊಡ್ಡವ್ವ ಒಮ್ಮೆ ಯಾರಿಗೂ ಹೇಳದೆ ಬಸ್ಸು ಹತ್ತಿ ಕೊಡೈಕಾನಲ್‌ಗೆ ಹೋಗಿದ್ದಳಂತೆ. ಹೋಟೆಲಿನ ಎದುರಿಗೆ ರಸ್ತೆಯ ಈಚೆ ನಿಂತು ನೋಡಿದಳಂತೆ. ಒಳಗೆ ಹೋಗಲಿಲ್ಲ. ಒಂದು ಮಾತೂ ಆಡಲಿಲ್ಲ. ಒಂದು ಚೀಲ ಪ್ಲಮ್ ಹಣ್ಣು ಕೊಂಡುಕೊಂಡು ವಾಪಸ್ಸು ಬಂದು, ಹಣ್ಣಿಗೆ ಅಂತಲೇ ಹೋಗಿದ್ದೆ ಅಂತ ಊರಿಗೆಲ್ಲ ಹಂಚಿದಳಂತೆ. ನಿಜ ಹೇಳಿದ್ದು ಅತ್ತೆಯೊಬ್ಬಳಿಗೇ. ಆ ಹಣ್ಣು ನಾನೂ ತಿಂದಿದ್ದೆ. ಹುಳಿ ಅಂತ ಕೊಸರಾಡಿದ್ದೆ ಕೂಡ.

"ನಾಕ್ನೇ ಭಾಗ್ದಲ್ಲಿ ಆ ಹುಡುಗಿ ಹೋಟ್ಲು ಒಳಗೇ ಹೋಗಿ ಕೆನ್ನೆಗ್ ಬಿಗೀತಾಳಲ್ಲ ಅತ್ತೆ? ಜನ ಎಲ್ಲ ಚಪ್ಪಾಳೆ ಹೊಡೀತಾರೆ."

"ಹಣ್ಣು ತಗೊಂಡು ಸುಮ್ನೆ ಬಂದ್ಳು ಅಂತ ಬರ್ದ್ರೆ ಯಾರ್‌ಡಾ ಓದ್ತಾರೆ?" ಅಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ಒಂದಾದ್ರೂ ಏಟು ಬೀಳ್ಲಿ ಅಂತ ನಂಗೆ ಆಸೆ ಇತ್ತು."

ಸರಿಮಾಡುತ್ತೇನೆ ಅಂತ ಎದೆ ತಟ್ಟಿ ಹೇಳಿ ಮನೆಗೆ ಬಂದೆ. ನಾನು ಸರಿಮಾಡಲು ಹೊರಟದ್ದೇ ನಿಜವಾದ ಅನಾಹುತ. ಲ್ಯಾಪ್‌ಟಾಪಿನಲ್ಲಿ ಮನೆಯ ಹೆಸರು ಅಳಿಸಿದೆ. ಈಗಾಗಲೇ ಇಳಿಸಿಕೊಂಡವರ ಫೋನಿನಲ್ಲಿ ಹಳೆಯದು ಹಾಗೇ ಉಳಿಯಿತು, ಹೆಸರಿಲ್ಲದ ಹೊಸ ಪ್ರತಿ ಅದರ ಪಕ್ಕ ಬಂದು ಕೂತಿತು. ಬಾವಿ ಮನೆ ಈಗ ಎರಡೆರಡು. ಜೋಡಿಯಾಗಿರುವುದನ್ನು ಕೂಡಿಸು ಅಂತ ಒತ್ತಿದೆ. ಅದು ಬಾವಿ ಮನೆಯನ್ನೂ ಮೇಲ್ಮನೆಯನ್ನೂ ಕೂಡಿಸಿತು. ಮೂರನೇ ಭಾಗದಲ್ಲಿ ಅಳುತ್ತಿದ್ದ ನಾಯಕಿ ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಮೀಸೆ ಬಿಟ್ಟು ಎಳನೀರು ಕುಡಿಯುತ್ತಿದ್ದಳು. ಹಗಲು ಪಾರ್ಸೆಲ್ ಆಫೀಸಿನಲ್ಲಿ ಬೋಡಿ ಊರಿನ ಏಲಕ್ಕಿ ಪೆಟ್ಟಿಗೆಗೆ ತಪ್ಪಿ ದಿಂಡುಗಲ್ಲಿನ ವಿಳಾಸ ಅಂಟಿಸಿ ಬೈಸಿಕೊಂಡೆ. ಎಲ್ಲಿ ನೋಡಿದರೂ ಹೆಸರು, ನಂಬರು, ಹೆಸರು, ನಂಬರು. ಒಮ್ಮೆ ಊಟಕ್ಕೆ ಕೂತಾಗ ತಟ್ಟೆಯಲ್ಲಿನ ದೋಸೆಗಳನ್ನು ಯಾವುದು ಮೊದಲು ಹುಯ್ದದ್ದು ಅಂತ ಅವ್ವನನ್ನು ಕೇಳಿದೆನಂತೆ. ನನಗೆ ನೆನಪಿಲ್ಲ, ಅವ್ವ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾಳೆ.

ಹೀಗಿರುವಾಗ ಒಂದು ಬೆಳಿಗ್ಗೆ ಬಸ್ಸಿನಲ್ಲಿ, ದ್ರಾಕ್ಷಿ ಪೆಟ್ಟಿಗೆ ತುಂಬುವ ಕೆಲಸಕ್ಕೆ ಹೋಗುವ ನಮ್ಮೂರ ಇಬ್ಬರು ಹೆಂಗಸರು ನನ್ನ ಮುಂದಿನ ಸೀಟಿನಲ್ಲಿ ಕೂತಿದ್ದರು.

"ಬಾವಿ ಮನೆಯಾಕೆ ಕೊಡೈಕಾನಲ್‌ಗೇ ಹೋಗಿ ಕೆನ್ನೆಗ್ ಕೊಟ್ ಬಂದವ್ಳಂತೆ!"

"ಅಬ್ಬಾ! ಇಷ್ಟು ವರ್ಷ ಒಂದ್ ಮಾತು ಬಾಯ್ಬುಟ್ಟಿಲ್ಲ ನೋಡು ಮಾರಾಯ್ತಿ. ನಾನಾಗಿದ್ರೆ ಕೈಗೆ ಬಳೆ ಬದ್ಲು ಆ ಕೆನ್ನೇನೇ ಹಾಕ್ಕೊಂಡು ತಿರುಗ್ತಿದ್ದೆ."

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನು ಮುಂದಿನ ನಿಲ್ದಾಣದಲ್ಲೇ ಇಳಿದೆ. ಆಫೀಸಿಗೆ ರಜೆ ಹೇಳಿ, ವಾಪಸ್ಸು ಬಸ್ಸು ಹತ್ತಿ, ಸೀದಾ ದೊಡ್ಡವ್ವನ ತೋಟಕ್ಕೆ ನಡೆದೆ. ಧೈರ್ಯ ಬಂದಿತ್ತು ಅಂತಲ್ಲ. ಹೆದರಿ ಹೆದರಿ ಸುಸ್ತಾಗಿತ್ತು.

ತೋಟದಲ್ಲಿ ಬಳ್ಳಿ ಕತ್ತರಿಸುವ ಸಮಯ. ಚಪ್ಪರದ ಮೇಲೆ ಎಲೆಯಿಲ್ಲದೆ ಬಿಸಿಲು ಬರೀ ತಂತಿಯ ನೆರಳನ್ನು ನೆಲಕ್ಕೆ ಹಾಕಿತ್ತು. ದೊಡ್ಡವ್ವ ಕತ್ತರಿಸಿ ಬಿದ್ದ ಕಡ್ಡಿಗಳನ್ನು ಒಟ್ಟುಮಾಡುತ್ತಿದ್ದಳು.

"ಬಾ ಸಾಮಿ," ಅಂದಳು, ತಲೆ ಎತ್ತದೆ. "ಏನು, ಐದ್ನೇ ಭಾಗ ಅಳತೆ ತಗೊಳ್ಳೋಕೆ ಬಂದ್ಯಾ?"

"ದೊಡ್ಡವ್ವ, ತಪ್ಪಾಗೋಯ್ತು. ಎಲ್ರ ಫೋನೂ ಕೈಗ್ ಇಸ್ಕೊಂಡು, ನಾನೇ ಒಂದೊಂದಾಗಿ ಆ ಹೆಸ್ರು ಅಳುಸ್ಬುಡ್ತೀನಿ."

"ಕೂರು."

ಕೂತೆ. ಅವಳೂ ಕಡ್ಡಿಯ ರಾಶಿಯ ಪಕ್ಕ ಕೂತಳು.

"ನಾ ಹೊಡೀಲಿಲ್ಲಡಾ," ಅಂದಳು.

"ಗೊತ್ತು."

"ಅದ್ನೂ ಹೇಳ್ಬುಟ್ಳಾ? ಸರಿ ಬುಡು, ಇನ್ನೇನ್ ಉಳೀತು." ಸೆರಗಿನಿಂದ ಮುಖ ಒರೆಸಿಕೊಂಡಳು. "ಬೂಟು ಗೀಟು ಹಾಕ್ಕೊಂಡು, ಬಂದೋರ ಕಾರ್ ಬಾಗ್ಲು ತೆಗ್ದು ಸಲಾಮ್ ಹೊಡೀತಿದ್ದ. ನಮ್ಮನೇಲಿ ಕುಡ್ದ ಲೋಟ ಎತ್ತಿ ಇಟ್ಟೋನಲ್ಲ ಅವ್ನು. ಬೈಬೇಕು ಅಂತ ದಾರಿ ಪೂರಾ ಮಾತು ಜೋಡ್ಸ್ಕೊಂಡು ಹೋಗಿದ್ದೆ. ಅದನ್ ನೋಡ್ತಿದ್ದಂಗೆ ಕೋಪನೂ ಬರ್ಲಿಲ್ಲ, ಅಳೂನೂ ಬರ್ಲಿಲ್ಲ. ಸಾಕಾಗೋಯ್ತು, ಅಷ್ಟೇ. ಬಸ್ ಹತ್ಬುಟ್ಟೆ."

"ಅತ್ತೆ ಮೇಲೆ ಕೋಪಾನಾ ದೊಡ್ಡವ್ವ?"

"ಕೋಪ ಯಾಕೆ? ನಾಚ್ಕೆ. ಅವ್ಳ ಮನೇಲೇ ಕೂತ್ಕೊಂಡು, ಅವ್ಳು ಕೊಟ್ ಕಾಫಿನೇ ಕುಡ್ಕೊಂಡು, ಆ ಹುಡುಗೀನ ಎಷ್ಟ್ ಬೈದಿದೀನಿ ನಾನು! ಮಾನಗೆಟ್ಟೋಳು, ಇಂಥಾ ಗಂಡನ್ನ ಇನ್ನೂ ನೆನ್ಸ್ಕೊಂಡು ಕೂತವ್ಳೆ, ಇವ್ಳಿಗ್ ಬುದ್ಧಿ ಎಲ್ಲೋಗೈತೆ ಅಂತ. ಅವ್ಳು ಹೂಂ ಅಂತಾಳೆ, ನನ್ ಮಖ ಮಾತ್ರ ನೋಡಲ್ಲ. ಯಾಕ್ ನೋಡ್ತಿಲ್ಲ ಅಂತ ಈಗ ತಿಳೀತು." ಒಂದು ಕಡ್ಡಿ ಮುರಿದಳು. "ಇನ್ನ ಹೆಂಗ್ ಹೋಗಿ ಅಲ್ಲಿ ಕೂರ್ಲಿ?"

ಜೋಕು ಮಾಡದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನನ್ನ ಬಾಳಿನಲ್ಲಿ ಅದು ಅಪರೂಪ.

"ಅತ್ತೆ ಬರೆಯೋದ್ ಬುಟ್ಟವ್ಳೆ," ಅಂದೆ. "ಬಾಗ್ಲು ತೆಗ್ದು ಬೀದೀನೇ ನೋಡ್ಕೊಂಡ್ ಕೂತಿರ್ತಾಳೆ."

ದೊಡ್ಡವ್ವ ಕೈಯಲ್ಲಿದ್ದ ಕಡ್ಡಿಯನ್ನು ರಾಶಿಗೆ ಎಸೆದಳು.

"ಹೆಸ್ರು ಅಳುಸ್ತೀನಿ ದೊಡ್ಡವ್ವ. ನಿಜವಾಗ್ಲೂ."

"ಏ, ಬೇಡ. ಸುಮ್ಕಿರು. ಈಗ ನಂಗೆ ಊರಲ್ಲಿ ಎಷ್ಟು ಮರ್ಯಾದೆ ಗೊತ್ತಾ? ಹಣ್ಣು ಕೊಳ್ಳೋ ಯಾವಾರಿ ಮೊನ್ನೆ ನಾಕ್ ಮೊಳ ದೂರದಲ್ಲಿ ನಿಂತ್ಕೊಂಡು ಬೆಲೆ ಕೇಳ್ದ."

"ಅದು ಸುಳ್ಳಲ್ವಾ?"

"ನಿಜ ನಂಗ್ಗೊತ್ತು, ಅವ್ಳಿಗ್ಗೊತ್ತು. ನೀನೊಬ್ಬ ಮಧ್ಯ ತೂರ್ಕೊಂಡೆ. ಸಾಕು ಇಷ್ಟ್ ಜನ." ಅಂದವಳು ಸೊಂಟದಿಂದ ಫೋನು ತೆಗೆದು ನನ್ನ ಮುಂದೆ ಹಿಡಿದಳು. "ಅದ್ ಬುಟ್ಟು ಇದ್ನ ನೋಡು. ಮೇಲ್ಮನೆ ಜಿಪುಣ ನನ್ ಕತೇಲಿ ಬಂದು ಕಾಲ್ ಚಾಚ್ಕೊಂಡ್ ಕೂತವ್ನೆ. ಮೊದ್ಲು ಅವ್ನ ಎಬ್ಸಿ ಅವ್ರ ಮನೇಗ್ ಕಳ್ಸು."

ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಕೂತು ಸರಿಮಾಡಿದೆ. ಮೇಲ್ಮನೆಯದು ಮೇಲ್ಮನೆಗೆ. ಜೋಡಿ ಪ್ರತಿಗಳನ್ನು ಅಳಿಸಿದೆ. ಪುಸ್ತಕದ ಹೆಸರು, ಸರಣಿಯ ಹೆಸರು, ನಂಬರು, ಒಂದೊಂದನ್ನೂ ಅವಳಿಗೆ ಓದಿ ಹೇಳಿ, ಅವಳು ಹೂಂ ಅಂದ ಮೇಲೆಯೇ ಮುಂದಕ್ಕೆ ಹೋದೆ. ಒಂದು, ಎರಡು, ಮೂರು, ನಾಲ್ಕು. ಯಾವ ಗುಂಡಿಯನ್ನೂ ಅವಸರದಲ್ಲಿ ಒತ್ತಲಿಲ್ಲ. ಲೈಬ್ರರಿ ಶುರುಮಾಡಿದ ಮೇಲೆ ನಾನು ತಪ್ಪಿಲ್ಲದೆ ಮಾಡಿದ ಮೊದಲನೇ ಕೆಲಸ ಅದು, ಅದಕ್ಕೂ ಒಬ್ಬರು ಪಕ್ಕದಲ್ಲಿ ಕೂತು ಕಾಯಬೇಕಾಯಿತು.

ಎದ್ದು ಹೊರಟೆ. ಚಪ್ಪರದ ಕೊನೆ ದಾಟುವಷ್ಟರಲ್ಲಿ ದೊಡ್ಡವ್ವ ಹಿಂದಿನಿಂದ ಕೂಗಿದಳು.

"ಲೇ, ನಿಲ್ಲು! ಸಾಯಂಕಾಲ ಬತ್ತೀನಂತ ಹೇಳು ನಿಮ್ಮತ್ತೇಗೆ. ಬರೀಲಿ ಅನ್ನು, ಬುಡೋದೇನು ಬೇಡ. ಆದ್ರೆ ಐದ್ನೇ ಭಾಗ್ದಲ್ಲಿ ಆ ಹುಡುಗೀನ ಇನ್ನೊಬ್ಬನ್ಗೆ ಗಂಟ್ ಹಾಕೋದ್ ಬೇಡ. ಯಾರ್ಗೂ ಹೊಡ್ಯೋಕೂ ಕಳುಸ್ಬೇಡ ಅನ್ನು. ಒಂದಿನ ಬಿಸಿಬಿಸಿ ಊಟ ಮಾಡಿ, ಫ್ಯಾನ್ ಹಾಕ್ಕೊಂಡು, ಒಬ್ಳೇ ಕಾಲ್ ನೀಡಿ ನಿದ್ದೆ ಮಾಡ್ಲಿ. ಪಾಪ, ನಾಕ್ ಭಾಗ ಆಯ್ತಲ್ಲ, ಅವ್ಳಿಗೂ ಸಾಕಾಗಿರ್ತೈತೆ."